ಹೋಟೆಲ್ ಎಣ್ಣೆಯಲ್ಲಿ ಡೀಸೆಲ್ ಮಾಡಿದ ಮೇಡಂ

ಮೇಡಂ ಅವರ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ಕಾಸ್ಟಿಕ್ ಸೋಡ ಮುಟ್ಟಿ ಮುಟ್ಟಿ ಚರ್ಮ ಸುಲಿದು ನುಣುಪಾಗಿತ್ತು. ಬದುಕಿದ್ದೇನೆಂದು ತೋರಿಸಲು ಪಿಂಚಣಿದಾರರು ವರ್ಷಕ್ಕೊಮ್ಮೆ ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತಬೇಕಲ್ಲ, ಅವರ ಬೆರಳನ್ನು ಯಂತ್ರ ಒಪ್ಪುತ್ತಿರಲಿಲ್ಲ. "ಅದಕ್ಕೂ ಅನುಮಾನ ಕಣಪ್ಪ, ನಾನಿದ್ದೀನೋ ಇಲ್ವೋ ಅಂತ" ಎಂದು ನಗುತ್ತಿದ್ದರು.

ತಿಪಟೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆ, ಮಿಲ್ಲುಗಳಲ್ಲಿ ಕಮಟು ಹಿಡಿದ ಕೊಬ್ಬರಿ ಎಣ್ಣೆ ತಂದು ಮನೆ ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಮಾಡುತ್ತಿದ್ದರು. ಸೀರೆಗೆಲ್ಲ ಹಳೇ ಬೋಂಡದ ವಾಸನೆ. ಅಕ್ಕಪಕ್ಕದವರು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಅವರ ಮನೆಗೆ ಬರುವುದನ್ನೇ ಬಿಟ್ಟರು.

ನಾನು ಹೊನ್ನವಳ್ಳಿಯವನು. ತೆಂಗಿನ ತೋಟ ಉಳುವ ನನ್ನ ಪವರ್ ಟಿಲ್ಲರಿಗೆ ಅವರಿಂದ ಒಂದು ಕ್ಯಾನ್ ಡೀಸೆಲ್ ತಂದು ಹಾಕಿದೆ. ಅರ್ಧ ದಿನಕ್ಕೆ ಗಾಡಿ ನಿಂತುಹೋಯಿತು. ಫೋನ್ ಮಾಡಿ ಒರಟಾಗಿ ಮಾತಾಡಿದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ತೋಟದಲ್ಲಿ ಕುಕ್ಕುರುಗಾಲಲ್ಲಿ ಕೂತು ಫಿಲ್ಟರ್ ಬಿಚ್ಚಿದರು. ಒಳಗೆ ಬಿಳಿ ಲೋಳೆ. ನೀರು ಚಿಮುಕಿಸಿ ಅಂಗೈಯಲ್ಲಿ ಉಜ್ಜಿದರೆ ನೊರೆ ಬಂತು.

"ಸೋಪಾಗೈತೆ. ತಪ್ಪು ನಂದೇ" ಎಂದರು. "ಎಣ್ಣೇಲಿ ನೀರಿತ್ತು, ಕಮಟಿನ ಹುಳಿಯೂ ಇತ್ತು. ಅವಸರ ಮಾಡ್ಬುಟ್ಟೆ."

ಎಲ್ಲ ತೊಳೆದು ಜೋಡಿಸಿ, ಊಟಕ್ಕೂ ನಿಲ್ಲದೆ ಹೊರಟರು. ನನಗೆ ಫೋನಿನಲ್ಲಿ ಆಡಿದ ಮಾತು ಚುಚ್ಚುತ್ತಿತ್ತು.

ಅಂದಿನಿಂದ ನಾನೇ ಶೆಡ್ಡಿಗೆ ಹೋಗತೊಡಗಿದೆ. ಕೆಟ್ಟ ಎಣ್ಣೆಯ ಬೆನ್ನು ಅವರು ಬಿಡಲಿಲ್ಲ. ಒಂದು ವರ್ಷ ಅದೇ ಧ್ಯಾನ. ಕೊನೆಗೆ ದಾರಿ ಸಿಕ್ಕಿತು. ಮೊದಲು ಕಾಯಿಸಿ ನೀರು ಓಡಿಸುವುದು. ಆಮೇಲೆ ಮೆಥನಾಲ್ ಎಂಬ ಸ್ಪಿರಿಟ್ಟಿನ ಜೊತೆ ಚೂರು ಆಸಿಡ್ ಬೆರೆಸಿ ಎಣ್ಣೆಯ ಹುಳಿ ಕಳೆಯುವುದು. ಎಣ್ಣೆಯನ್ನು ಡೀಸೆಲ್ ಮಾಡಲು ಮೆಥನಾಲಿನಲ್ಲಿ ಕರಗಿಸಿ ಹಾಕುವ ಕಾಸ್ಟಿಕ್ ಸೋಡವನ್ನು ಒಮ್ಮೆಗೇ ಸುರಿಯದೆ ಎರಡು ಸಲಕ್ಕೆ ಹಾಕಿ, ನಡುವೆ ತಳದಲ್ಲಿ ಕೂತ ಗ್ಲಿಸರಿನ್ ಬಸಿದು ತೆಗೆಯುವುದು. ಸೋಪಾಗಿ ಹಾಳಾಗುತ್ತಿದ್ದ ಎಣ್ಣೆಯೂ ಡೀಸೆಲ್ಲಾಗಿ ಕೈಗೆ ಬಂತು. ನನ್ನ ಟಿಲ್ಲರ್ ಮತ್ತೆ ನಿಲ್ಲಲಿಲ್ಲ.

ಅದನ್ನು ತೋರಿಸಲು ಒಂದು ಭಾನುವಾರ ಹಳೆಯ ಸಹೋದ್ಯೋಗಿಗಳನ್ನು, ಮಿಲ್ಲಿನವರನ್ನು ಕರೆದರು. ಬಾಡಿಗೆಗೆ ಮೂವತ್ತು ಕುರ್ಚಿ ತರಿಸಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಉಪ್ಪಿಟ್ಟು ಆರಿತು. ಬಂದವನು ನಾನೊಬ್ಬನೇ. ಇನ್ನೊಂದು ದಿನ ಇಟ್ಟುಕೊಳ್ಳೋಣವೇ ಎಂದು ಕೇಳಿದೆ.

"ನೀನು ಬಂದಿದ್ದೀಯಲ್ಲಪ್ಪ, ಕೂತ್ಕೊ" ಎಂದರು.

ಸೆರಗು ಸಿಕ್ಕಿಸಿಕೊಂಡು ಪೂರ್ತಿ ಎರಡು ಗಂಟೆ ಪಾಠ ಮಾಡಿದರು, ಮೂವತ್ತು ಜನಕ್ಕೂ ಕೇಳುವಷ್ಟು ಗಟ್ಟಿಯಾಗಿ. ಕಣ್ಣು ಮಾತ್ರ ಆಗಾಗ ಗೇಟಿನ ಕಡೆ ಹೋಗಿ ಬರುತ್ತಿತ್ತು. ಮುಗಿದ ಮೇಲೆ, ಏನಾದರೂ ಕೇಳುವುದಿದೆಯೇ ಎಂದರು. ಸೋಡವನ್ನು ಮೂರು ಸಲಕ್ಕೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. ಅವರ ಮುಖ ಅಷ್ಟು ಅರಳಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಪರವೂರಿನಿಂದ ಬಂದ ಅವರ ತಮ್ಮ ಶೆಡ್ ಖಾಲಿ ಮಾಡಿಸುತ್ತಿದ್ದರು. ಮೇಡಂ ಲೆಕ್ಕ ಬರೆದಿಡುತ್ತಿದ್ದ ಪ್ರಯೋಗದ ಪುಸ್ತಕವನ್ನು ನನಗೆ ಕೊಡುವಿರಾ ಎಂದು ಕೇಳಿದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ನೀವು ಅಕ್ಕನ ಸ್ಟೂಡೆಂಟಾ?"

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹೌದು ಎಂದೆ.