ಮರೆತು ಬಂದ ಡಬ್ಬಿ

ಬಣ್ಣದವನಿಗೆ ಬೆಳಗ್ಗೆ ಏಳುವಾಗಲೇ ಬಲಭುಜ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಪಾಪ, ಅದರ ತಪ್ಪೇನು? ದಿನವಿಡೀ ಕತ್ತೆತ್ತಿಕೊಂಡು ಕಂಡವರ ಮನೆಯ ಚಾವಣಿಗೆ ರೋಲರ್ ಉರುಳಿಸಿದರೆ ಕಬ್ಬಿಣದ ಭುಜವಾದರೂ ಸೋಲಬೇಕು. ಮದುವೆಗೆ ಮುಂಚೆ ಇದೇ ಕೈ ತೋರಿಸಿ ಹುಡುಗಿಯ ಮುಂದೆ ಕೊಚ್ಚಿಕೊಂಡಿದ್ದ: "ನಾನು ಬರೀ ಗೋಡೆ ಬಳಿಯೋನಲ್ಲ, ಚಿತ್ರ ಬಿಡಿಸ್ತೀನಿ. ನಿನ್ನದೂ ಒಂದು ಬಿಡಿಸ್ತೀನಿ, ನೋಡ್ತಿರು." ಅವಳು ನೋಡುತ್ತಲೇ ಇದ್ದಳು. ತಲೆಯಲ್ಲಿ ಬಿಳಿಕೂದಲು ಬಂತು, ಚಿತ್ರ ಮಾತ್ರ ಬರಲಿಲ್ಲ.

ಬಿಡಿಸುವುದಾದರೂ ಎಲ್ಲಿ? ಇದ್ದದ್ದು ಬಾಡಿಗೆಯ ಒಂದೇ ಕೋಣೆ. ಗೋಡೆಗೊಂದು ಮೊಳೆ ಹೊಡೆದರೂ ಮನೆಯೊಡತಿ ಬೀದಿಗೆಲ್ಲ ಕೇಳುವಂತೆ ರಂಪ ಮಾಡುತ್ತಿದ್ದಳು. ಅರ್ಧ ಕೋಣೆಯಲ್ಲಿ ಬಟ್ಟೆ ಅಂಗಡಿಯವರು ಕಳಿಸಿದ ಶರಟುಗಳ ರಾಶಿ. ಅವಕ್ಕೆ ಗುಂಡಿ ಹಾಕಿಕೊಡುವುದು ಹೆಂಡತಿಯ ಕೆಲಸ. ರಜೆಯ ದಿನ ಇವನು ಕಾಗದ ಹಾಸಿಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದದ್ದೇನೋ ನಿಜ. ಒಂದು ಗೆರೆ ಎಳೆಯುವಷ್ಟರಲ್ಲಿ ರೆಪ್ಪೆ ಕೂಡುತ್ತಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಅದು ಇವನನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು! ಎಚ್ಚರವಾದಾಗ ಪೆನ್ಸಿಲ್ ಕಿಟಕಿಯಲ್ಲಿರುತ್ತಿತ್ತು, ತಲೆಯಡಿ ದಿಂಬು ಬಂದಿರುತ್ತಿತ್ತು. ಹೆಂಡತಿ ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಾಗಂತ ಅವನು ಚಿತ್ರ ಬಿಟ್ಟಿದ್ದನೇ? ಎಲ್ಲಿಯ ಮಾತು! ಕೆಲಸದ ಮನೆಗಳಲ್ಲಿ ಮೊದಲ ಕೋಟಿಂಗ್ ಒಣಗಿ ಎರಡನೆಯದನ್ನು ಹೊಡೆಯುವ ನಡುವೆ ಚೂರು ಪುರುಸೊತ್ತು ಸಿಗುತ್ತದೆ. ಉಳಿದವರು ಟೀ ಕುಡಿಯಲು ಹೋದರೆ ಇವನು ಡಬ್ಬದ ತಳದಲ್ಲಿ ಉಳಿದ ಬಣ್ಣ ಬಳಸಿ ಗೋಡೆಯ ಮೇಲೆ ಚಿತ್ರ ಬಿಡಿಸುತ್ತಿದ್ದ. ನಲ್ಲಿಯ ಹತ್ತಿರ ಜಗಳವಾಡುವ ಹೆಂಗಸರು, ಬಸ್ಸಿನಲ್ಲಿ ತೂಕಡಿಸುವ ಮುದುಕ, ಹೀಗೆ ಕಂಡದ್ದೆಲ್ಲ. ಆಮೇಲೆ ತಾನೇ ಅದರ ಮೇಲೆ ರೋಲರ್ ಉರುಳಿಸಿ ಮುಚ್ಚುತ್ತಿದ್ದ. ಒಮ್ಮೆ ಮೈಮರೆತು ಕಡುಬಣ್ಣದಲ್ಲಿ ಎಮ್ಮೆ ಬಿಡಿಸಿ ಕೆಟ್ಟಿದ್ದ. ಎರಡನೇ ಕೋಟಿಂಗ್ ಒಣಗಿದ ಮೇಲೂ ಮಲಗುವ ಕೋಣೆಯ ಗೋಡೆಯಿಂದ ಕೊಂಬು ಇಣುಕುತ್ತಿತ್ತು. ಮನೆಯ ಯಜಮಾನ ಹೌಹಾರಿದ. "ಇನ್ನೊಂದು ಸಲ ಈ ಹುಚ್ಚಾಟ ಕಂಡ್ರೆ ಬ್ರಶ್ ಕಿತ್ಕೊಂಡು ಮನೆಗೆ ಕಳಿಸ್ತೀನಿ" ಎಂದ ಮೇಸ್ತ್ರಿ. ಮೇಸ್ತ್ರಿ ಹೇಳಿದ್ದನ್ನು ಮಾಡುವ ಪೈಕಿ.

ಈಚೆಗೆ ಭುಜ ಮೇಲೇಳುವುದೇ ಕಷ್ಟವಾಗಿತ್ತು. ಅದು ಪೂರ್ತಿ ಸೋಲುವ ಮುಂಚೆ ಅವಳಿಗೆ ಒಂದೇ ಒಂದು ಚಿತ್ರ ತೋರಿಸಬೇಕು, ಕೊಟ್ಟ ಮಾತು ಬರೀ ಬಡಾಯಿಯಾಗಿ ಉಳಿಯಬಾರದು ಎಂದು ತಲೆಯಲ್ಲಿ ಕೊರೆಯುತ್ತಿತ್ತು. "ಬಾ, ನೋಡು" ಎಂದರೆ ಬರುವವಳೇ? "ಗುಂಡಿ ನಿಮ್ಮಪ್ಪ ಬಂದು ಹಾಕ್ತಾರಾ?" ಅನ್ನುವವಳು. ಮೇಸ್ತ್ರಿ ಸಂಜೆಯವರೆಗೆ ಬೇರೆ ಮನೆಯ ಕೆಲಸ ನೋಡಲು ಹೋಗುವ ದಿನ ನೋಡಿಕೊಂಡು, ಇವನು ಊಟದ ಡಬ್ಬಿಯನ್ನು ಬೇಕೆಂದೇ ಮನೆಯ ಬಾಗಿಲ ಹಿಂದೆ ಬಿಟ್ಟು ಬಂದ.

ಕೆಲಸದ ಮನೆಯ ಮಹಡಿಯ ಕೋಣೆಯಲ್ಲಿ ಅವನೊಬ್ಬನೇ. ಬಲ ಮೊಣಕೈಗೆ ಎಡಗೈಯ ಆಸರೆ ಕೊಟ್ಟು, ತಿಳಿ ಬೂದುಬಣ್ಣದಲ್ಲಿ ಬಿಡಿಸಿ ಮುಗಿಸಿದ. ಊಟದ ಹೊತ್ತಿಗೆ ಮೆಟ್ಟಿಲಲ್ಲಿ ಗೊಣಗಾಟ ಕೇಳಿಸಿತು.

"ತಲೆ ಕತ್ತಿಗೆ ಅಂಟ್ಕೊಂಡಿದೆ, ಇಲ್ದಿದ್ರೆ ಅದನ್ನೂ ಮರ್ತು ಬರ್ತಿದ್ರಿ" ಎನ್ನುತ್ತ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

ಗೋಡೆಯ ಮೇಲೆ ಅವಳೇ. ಒಂದು ಕಾಲು ಚಾಚಿ, ಮಡಿಲಲ್ಲಿ ಶರಟು ಹರವಿಕೊಂಡು, ತಲೆ ವಾಲಿಸಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ನೋಯುವ ಮಂಡಿಯ ಕೆಳಗೆ ದಿನಾ ಇಟ್ಟುಕೊಳ್ಳುವ ಮಡಿಸಿದ ಚೀಲವೂ ಇತ್ತು.

ಅವಳು ಡಬ್ಬಿ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋಗಿ ನೋಡಿದಳು. ಆಮೇಲೆ, "ಮೂಗು ಇಷ್ಟುದ್ದ ಇದ್ಯೇನ್ರೀ?" ಎಂದಳು.

"ಇದೆ ಕಣೇ. ಅದಕ್ಕೆ ನಾನೇನ್ ಮಾಡ್ಲಿ?"

"ಇದನ್ನೆಲ್ಲ ಯಾವಾಗ ನೋಡಿದ್ರಿ? ಮನೇಲಿದ್ದಾಗ ನಿದ್ದೆ ಮಾಡ್ತಾನೇ ಇರ್ತೀರಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಸ್ಕೂಟರ್ ನಿಂತಿತು. ಮೇಸ್ತ್ರಿ ಕಾವಲಿನವನ ಜೊತೆ ಮಾತಾಡುವುದು ಕೇಳಿಸಿತು. "ಅಯ್ಯೋ, ಇದನ್ನ ನೋಡಿದ್ರೆ ನಾಳೆಯಿಂದ ಕೆಲಸ ಇಲ್ಲ ಕಣೇ!" ಎಂದು ಇವನು ರೋಲರ್ ಎತ್ತಲು ಹೋದ. ಭುಜ ಏಳಲೇ ಇಲ್ಲ. ಇದ್ದಬದ್ದ ಶಕ್ತಿಯೆಲ್ಲ ಚಿತ್ರಕ್ಕೇ ಹೋಗಿತ್ತು.

ಅವಳು ಡಬ್ಬಿ ಕೆಳಗಿಟ್ಟಳು. ರೋಲರ್ ಕಿತ್ತುಕೊಂಡು ಬಿಳಿ ಬಣ್ಣದಲ್ಲಿ ಅದ್ದಿ ಪಾದದಿಂದ ಶುರುಮಾಡಿದಳು. ಚಾಚಿದ ಕಾಲು ಹೋಯಿತು, ಚೀಲ ಹೋಯಿತು, ಮಡಿಲಿನ ಶರಟು ಹೋಯಿತು.

"ಮುಖ ಒಂದ್ ನಿಮಿಷ ಇರ್ಲಿ" ಎಂದ ಇವನು. ಇವನಿಗೆ ಅಳು ಬಂದಿತ್ತು.

"ನಾನು ನೋಡಾಯ್ತಲ್ಲ. ಇನ್ಯಾರಿಗೆ ಬೇಕು?" ಎಂದವಳು ಮುಖದ ಮೇಲೂ ರೋಲರ್ ಎಳೆದಳು.

ಮೇಸ್ತ್ರಿ ಒಳಗೆ ಬಂದವನು ಹುಬ್ಬೇರಿಸಿದ. "ಯಾರಮ್ಮ ನೀನು?"

"ಇವರ ಹೆಂಡ್ತಿ. ಭುಜ ನೋವು ಅಂದ್ರು, ಇವರು ಊಟ ಮಾಡ್ಲಿ ಅಂತ ನಾನೇ ಬಳಿದೆ."

ಮೇಸ್ತ್ರಿ ಹಸಿಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಪರವಾಗಿಲ್ವೇ! ನಿನಗಿಂತ ಇವಳ ಕೈಯೇ ವಾಸಿ ಕಣೋ" ಎಂದು ನಕ್ಕ.

ಬಣ್ಣದವನು ಗೋಡೆಯ ಕಡೆ ಮುಖ ಮಾಡಿ ಊಟಕ್ಕೆ ಕೂತ. ಅವಳು ಎಲ್ಲಿ ಕೂತಿದ್ದಳೆಂದು ಆ ಬಿಳಿ ಗೋಡೆ ನೋಡಿ ಈಗ ಅವನಿಗೂ ಹೇಳಲಾಗುತ್ತಿರಲಿಲ್ಲ. ಹೇಗೋ ತಿಂದು ಮುಗಿಸಿ ಡಬ್ಬಿಯನ್ನು ಅವಳ ಕೈಗೆ ಕೊಟ್ಟ.

ಬಾಗಿಲವರೆಗೆ ಹೋದವಳು ತಿರುಗಿದಳು. "ಪಕ್ಕದ ಕೋಣೆ ಇನ್ನೂ ಬಾಕಿ ಇದ್ಯಾ?"

"ನಾಳೆ" ಎಂದ.

"ಹಾಗಾದ್ರೆ ನಾಳೆನೂ ಡಬ್ಬಿ ಮರ್ತು ಬನ್ನಿ" ಎಂದು ಮೂಗಿನ ಮೇಲೆ ಸಿಡಿದ ಬಣ್ಣ ಒರೆಸಿಕೊಳ್ಳುತ್ತ ಅವಳು ಮೆಟ್ಟಿಲಿಳಿದಳು.