ಹೆಬ್ಬೆರಳಿನ ಬುಡದ ಕುಳಿ

ಮೇಘಾ, ನಿನ್ನ ಮಣಿಕಟ್ಟಿನ ಎಲುಬು ಮುರಿದಿದೆ ಎಂದು ನನಗೆ ಆ ಶನಿವಾರವೇ ಗೊತ್ತಿತ್ತು. ಗೊತ್ತಿದ್ದೂ, ಏನೂ ಆಗಿಲ್ಲ, ಆಡು ಎಂದೆ. ಆಮೇಲೆ, ನಿನ್ನ ಕೈಯನ್ನು ಮುಟ್ಟಿಯೇ ಇಲ್ಲ ಎಂದು ನಲವತ್ತು ಜನರ ಮುಂದೆ ಸುಳ್ಳು ಹೇಳಿದೆ. ಈ ಎರಡನೆಯದು ನಿನಗೆ ಗೊತ್ತು. ಮೊದಲನೆಯದು ಗೊತ್ತಿಲ್ಲ — ಪಾಪ, ಆಂಟಿಯ ಅಂದಾಜು ತಪ್ಪಿತು ಎಂದೇ ಆರು ವರ್ಷದಿಂದ ನಂಬಿಕೊಂಡಿದ್ದೀಯ. ನನ್ನ ಅಂದಾಜು ತಪ್ಪಿರಲಿಲ್ಲ.

ನನ್ನ ಬಾಯಿ ಎಂಥದ್ದು ಎಂದು ನಿನಗೆ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಎಂಬಿಬಿಎಸ್ ಮುಗಿಸಿ ಬಂದು, ಈ ದೇಶದ ವಾರ್ಡುಗಳಲ್ಲಿ ನಿಂತು, ಪಿನ್ನರ್ ಊರಿನಲ್ಲಿ ಜಿಪಿಯಾಗಿ, ಅಂದರೆ ಕುಟುಂಬದ ಡಾಕ್ಟರಾಗಿ, ತಲೆ ನರೆಯುವವರೆಗೆ ದುಡಿದವಳು ನಾನು. ಮಗಳು ನಿಧಿ ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳು ತುಂಬುವವರೆಗೂ ಒಂದು ದಿನ ರಜೆ ಹಾಕಲಿಲ್ಲ. ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನೋವು ಎಂದು ಯಾರಾದರೂ ಮುಖ ಹಿಂಡಿದರೆ ನನಗೆ ಮೈ ಉರಿಯುತ್ತಿತ್ತು, ಅದರಲ್ಲೂ ಹೆಣ್ಣುಮಕ್ಕಳು ಹಾಗೆ ಮಾಡಿದರೆ. ಇದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ನೀನು, ನಿಧಿ ಒಂದೇ ಯೂನಿವರ್ಸಿಟಿ ಟೀಮಿನಲ್ಲಿದ್ದಿರಿ. ಅಮೆರಿಕದವರ ಫುಟ್‌ಬಾಲು — ಮೊಟ್ಟೆಯಾಕಾರದ ಚೆಂಡು, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಓಡುವವಳು ಔಟು. ನಮಗಾರಿಗೂ ಅದರ ತಲೆಬುಡ ಗೊತ್ತಿರಲಿಲ್ಲ. ಆದರೂ ಟೀಮಿನಲ್ಲಿ ಇಬ್ಬರು ಕನ್ನಡದ ಹುಡುಗಿಯರು ಎಂದು ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಬಂದು ಚಳಿಯಲ್ಲಿ ನಿಲ್ಲುತ್ತಿದ್ದೆವು. ಕ್ರಿಕೆಟ್ ಬಿಟ್ಟರೆ ಬೇರೇನೂ ನೋಡದ ಗಂಡಸರು ಎರಡೇ ತಿಂಗಳಲ್ಲಿ ಪಂಡಿತರಾದರು. ಕ್ವಾರ್ಟರ್‌ಬ್ಯಾಕ್ ಎಂದರೆ ಎಸೆಯುವವಳು, ಇಡೀ ಟೀಮು ನಿಂತಿರುವುದು ಅವಳ ಬಲಗೈ ಮೇಲೆ ಎಂದು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಆ ಬಲಗೈ ನಿನ್ನದು. ನೀನು ಎಸೆದದ್ದನ್ನು ಹಿಡಿಯುತ್ತಿದ್ದವಳು ನನ್ನ ನಿಧಿ, ಅವಳಿಗೆ ಅದು ಕೊನೆಯ ವರ್ಷ.

ನದಿಯಾಚೆಯ ಕಾಲೇಜಿನೊಡನೆ ಪಂದ್ಯಕ್ಕೆ ಹನ್ನೊಂದು ದಿನವಿದ್ದಾಗ ಪ್ರಾಕ್ಟೀಸಿನಲ್ಲಿ ನೀನು ಒದ್ದೆ ಹುಲ್ಲಿನ ಮೇಲೆ ಜಾರಿ, ಅಂಗೈ ಊರಿ ಬಿದ್ದೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಕ್ಸ್‌ರೇ ತೆಗೆದರು. ಏನೂ ಕಾಣಿಸಲಿಲ್ಲ. ಪಟ್ಟಿ ಕಟ್ಟಿ, ನೋವು ಹೋಗದಿದ್ದರೆ ಎರಡು ವಾರ ಬಿಟ್ಟು ಬಾ ಎಂದು ಕಳಿಸಿದರು. ಅಷ್ಟೇ ಸಾಕಾಯಿತು, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹುಚ್ಚು ಹಿಡಿಯಿತು.

ಎಕ್ಸ್‌ರೇ ಕ್ಲಿಯರ್ ಅಂದ್ಮೇಲೆ ಇನ್ನೇನಂತೆ ಎಂದು ಒಬ್ಬರು. ಬದಲಿಗೆ ಇಳಿಯೋ ಆ ಇನ್ನೊಂದು ಹುಡುಗಿಗೆ ಹತ್ತು ಗಜ ಎಸೆಯೋಕೂ ಆಗಲ್ಲ, ಗೆದ್ದಂಗೇ ಬಿಡಿ ಎಂದು ಇನ್ನೊಬ್ಬರು. ಟೀಮಿಗಿಂತ ದೊಡ್ಡವಳಾ ಎಂದು ಮತ್ತೊಬ್ಬರು. ಹೋದ ತಿಂಗಳು ನಿನ್ನ ಫೋಟೊಕ್ಕೆ ಹೃದಯದ ಚಿತ್ರ ಅಂಟಿಸಿದವರೇ ಈಗ, ಸೋಲುವ ಹೆದರಿಕೆಗೆ ನಾಟಕ ಆಡುತ್ತಿದ್ದಾಳೆ ಎಂದರು. ಅವರಲ್ಲಿ ಎಲ್ಲರಿಗಿಂತ ಜೋರು ದನಿ ನನ್ನದು. ನಾನು ಡಾಕ್ಟರ್, ಎಕ್ಸ್‌ರೇ ಸರಿಯಿದೆ ಎಂದರೆ ಕೈ ಸರಿಯಿದೆ ಎಂದು ಬರೆದೆ. ಆಗ ನಾನು ನಿನ್ನ ಕೈಯನ್ನು ನೋಡಿಯೂ ಇರಲಿಲ್ಲ.

ನಿನ್ನ ಅಪ್ಪ ಆ ಗುಂಪಿನಲ್ಲಿ ಬರೆಯುತ್ತಿದ್ದುದೇ ಕಡಿಮೆ. ಮೈಸೂರಿನವರ ಮೆತ್ತಗಿನ ಮಾತು. ಹೌನ್ಸ್ಲೋನಲ್ಲಿ ಮನೆ, ಏರ್‌ಪೋರ್ಟಿನ ಕಾರ್ಗೋದಲ್ಲಿ ಪಾಳಿಯ ಕೆಲಸ. ಅಂದು ಬರೆದರು — "ಎರಡು ವಾರ ನೋಡಿ ಅಂದಿದಾರೆ, ನೋಡ್ತೀವಿ. ಅಲ್ಲೀತನಕ ಅವಳು ಆಡಲ್ಲ. ಅವಳು ನನ್ನ ಮಗಳು, ನಿಮ್ಮ ರೇಸ್ ಕುದುರೆ ಅಲ್ಲ."

ನಾನು ಉತ್ತರ ಕೊಟ್ಟೆ. "ಮಂಜುನಾಥ ಅವರ, ಕಾರ್ಗೋ ವಿಷಯ ನೀವು ನೋಡ್ಕೋರಿ. ಕೈಕಾಲಿನ ವಿಷಯ ಡಾಕ್ಟರಿಗೆ ಬಿಡ್ರಿ."

ನಗುವ ಮುಖಗಳು ಸಾಲಾಗಿ ಬಿದ್ದವು. ಎಣಿಸಿದೆ — ನಾಚಿಕೆಯಾಗುತ್ತದೆ, ಆದರೆ ಎಣಿಸಿದೆ, ಹದಿನೇಳು. ನಿನ್ನ ಅಪ್ಪ ಮತ್ತೆ ಬರೆಯಲಿಲ್ಲ. ಗೆದ್ದೆ ಎಂದುಕೊಂಡು ಟೀ ಮಾಡಿಕೊಂಡು ಕುಡಿದೆ.

ಪಂದ್ಯದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಿಧಿ ನಿನ್ನನ್ನು ಮನೆಗೆ ಕರೆತಂದಳು. ಅಪ್ಪನಿಗೆ ಹೇಳದೆ ಬಂದಿದ್ದೆ ನೀನು. ನಿಧಿ ಬಟ್ಟೆ ತರಲು ಮೇಲಕ್ಕೆ ಹೋದಳು. ಅಡುಗೆಮನೆಯ ಮೇಜಿನ ಮುಂದೆ ನಾವಿಬ್ಬರೇ. ನೀನು ಪಟ್ಟಿ ಬಿಚ್ಚಿ ಕೈ ಚಾಚಿದೆ.

"ಆಂಟಿ, ನಿಜ ಹೇಳಿ. ಅಪ್ಪ ಭಯ ಬೀಳ್ತಾರೆ, ಗ್ರೂಪಲ್ಲಿ ಎಲ್ರೂ ಬೈತಾರೆ, ಐ ಡೋಂಟ್ ನೋ ಎನಿಮೋರ್. ನೀವು ಬೇಡ ಅಂದ್ರೆ ನಾನು ಆಡಲ್ಲ."

ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದರೆ ಅದರ ಬುಡದಲ್ಲಿ ಒಂದು ಚಿಕ್ಕ ಕುಳಿ ಬೀಳುತ್ತದೆ. ನನ್ನ ಅಜ್ಜ ನಶ್ಯ ಇಟ್ಟುಕೊಂಡು ಏರಿಸುತ್ತಿದ್ದುದು ಅದರಲ್ಲೇ. ಆ ಕುಳಿಯ ತಳದಲ್ಲಿ ಗೋಡಂಬಿಯಷ್ಟು ಒಂದು ಎಲುಬಿದೆ. ಅಂಗೈ ಊರಿ ಬಿದ್ದವರಿಗೆ ಮುರಿಯುವುದು ಅದೇ, ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಅಡಗಿಕೊಳ್ಳುವುದೂ ಅದೇ. ರಕ್ತ ಸರಿಯಾಗಿ ಹರಿಯದ ಎಲುಬು. ಕೂಡಲೇ ಕಟ್ಟು ಹಾಕಿದರೆ ಬಹುಪಾಲು ಕೂಡಿಕೊಳ್ಳುತ್ತದೆ, ಬಿಟ್ಟರೆ ಸಾಯುತ್ತದೆ. ಕುಳಿಯಲ್ಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇ ಏನೇ ಹೇಳಲಿ, ಮುರಿದಿದೆ ಎಂದೇ ನಡೆದುಕೊಳ್ಳಬೇಕು. ಇದು ದೊಡ್ಡ ವಿದ್ಯೆಯಲ್ಲ, ಓದುವಾಗಲೇ ಕಲಿಸುತ್ತಾರೆ, ನಾನೇ ಎಷ್ಟೋ ಹೊಸ ಡಾಕ್ಟರುಗಳಿಗೆ ಕಲಿಸಿದ್ದೇನೆ.

ನಾನು ಒತ್ತಿದೆ. ನೀನು ಕೂಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದೆ, ಕಣ್ಣಲ್ಲಿ ನೀರು ಬಂತು, ಮತ್ತೆ ಕೂತು ಸಾರಿ ಅಂದೆ. ನೀನು ನನಗೆ ಸಾರಿ ಅಂದೆ.

ಆಗ ನನ್ನ ತಲೆಯಲ್ಲಿ ಬಂದದ್ದು ನಿನ್ನ ಕೈಯಲ್ಲ. ಆ ಹದಿನೇಳು ನಗುಮುಖಗಳು. ಇದಕ್ಕೆ ಕಟ್ಟು ಹಾಕಿಸು ಎಂದರೆ ನಾಳೆ ಗುಂಪಿನಲ್ಲಿ ಹೇಳಬೇಕು — ಮಂಜುನಾಥ್ ಹೇಳಿದ್ದೇ ಸರಿ, ಕಾರ್ಗೋದ ಮನುಷ್ಯ ಸರಿ, ಡಾಕ್ಟರ್ ತಪ್ಪು. ನಿಧಿಯ ಕೊನೆಯ ವರ್ಷಕ್ಕಾಗಿ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿಧಿಯ ನೆನಪೂ ನನಗಾಗಲಿಲ್ಲ. ಆಡಿದ ಮಾತು ನುಂಗಿಕೊಳ್ಳಲು ಆಗಲಿಲ್ಲ, ಅಷ್ಟೇ.

"ಏನೂ ಆಗಿಲ್ಲ ಬಿಡವಾ," ಎಂದೆ. "ಬರೇ ಉಳುಕ್ಯದ. ಆಡು."

ನಿನ್ನ ಮುಖ ಅರಳಿತು. ಥ್ಯಾಂಕ್ಯೂ ಆಂಟಿ ಎಂದು ಎಡಗೈಯಿಂದ ನನ್ನನ್ನು ತಬ್ಬಿಕೊಂಡೆ. ಒಂದು ಚೀಟಿ ಬರೆಯಲಿಲ್ಲ ನಾನು, ಒಂದು ಅಕ್ಷರ ಎಲ್ಲೂ ದಾಖಲಾಗಲಿಲ್ಲ. ನಮ್ಮವರೆಲ್ಲ ಹೀಗೇ ಅಲ್ಲವೇ — ಜಿಪಿ ಅಪಾಯಿಂಟ್‌ಮೆಂಟಿಗೆ ಕಾಯುವುದು ಯಾಕೆ, ಡಾಕ್ಟರ್ ಆಂಟಿ ಇದ್ದಾರಲ್ಲ, ಊಟಕ್ಕೆ ಹೋದಾಗ ತೋರಿಸಿದರಾಯಿತು. ಹಾಗೆ ತೋರಿಸಿದ್ದಕ್ಕೆ ಗುರುತಿರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಆ ಗಳಿಗೆಯಲ್ಲೇ ಗೊತ್ತಿತ್ತೇ — ಹೌದು, ಗೊತ್ತಿತ್ತು.

ಭಾನುವಾರ ಕೋಚ್ ಕೇಳಿದಾಗ ಡಾಕ್ಟರ್ ನೋಡಿದ್ದಾರೆ ಎಂದೆಯಂತೆ. ಪಂದ್ಯ ಗೆದ್ದಿರಿ. ಕೊನೆಯ ಎಸೆತ ಹಿಡಿದದ್ದು ನಿಧಿ. ಎಲ್ಲರೂ ಅವಳ ಕಡೆ ಓಡಿದರು. ನಾನೊಬ್ಬಳೇ ನಿನ್ನನ್ನು ನೋಡುತ್ತಿದ್ದೆ — ನೀನು ಎಸೆದಲ್ಲೇ ಮೊಣಕಾಲೂರಿ ಕೂತು, ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದೆ. ಬೇಲಿಯಾಚೆ ನಿನ್ನ ಅಪ್ಪ, ಪಾಳಿ ಮುಗಿಸಿ ಬಂದವರು, ಹಳದಿ ಜಾಕೆಟ್ಟನ್ನೂ ಬಿಚ್ಚಿರಲಿಲ್ಲ. ಅವರು ಚಪ್ಪಾಳೆ ತಟ್ಟಲಿಲ್ಲ. ನಾನು ಫೋನ್ ತೆಗೆದು ಗುಂಪಿಗೆ ಬರೆದೆ, ನೋಡಿದ್ರ್ಯಾ ಎಲ್ಲಾರೂ ಎಂದು.

ಆಂಟಿ ಏನೂ ಇಲ್ಲ ಎಂದಮೇಲೆ ನೀನು ಎರಡನೇ ಎಕ್ಸ್‌ರೇಗೆ ಹೋಗಲಿಲ್ಲ. ನೋವು ನುಂಗಿಕೊಂಡು ಮೂರು ತಿಂಗಳು ಕಳೆದೆ. ಸ್ಕ್ಯಾನ್ ಮಾಡುವ ಹೊತ್ತಿಗೆ ಎಲುಬು ಎರಡು ತುಂಡಾಗಿ, ಒಂದು ತುಂಡು ಸತ್ತಿತ್ತು. ಸೊಂಟದಿಂದ ಎಲುಬು ತೆಗೆದು ಕೂಡಿಸಿದರು. ಅದು ಕೂಡಲಿಲ್ಲ. ಮತ್ತೊಂದು ಆಪರೇಷನ್.

ನಿನ್ನ ಅಪ್ಪ ಗುಂಪಿನಲ್ಲಿ ಕೇಳಿದ್ದು ಒಂದೇ ಮಾತು. "ಡಾಕ್ಟ್ರೇ, ನೀವು ನನ್ನ ಮಗಳ ಕೈ ಮುಟ್ಟಿ ನೋಡಿ ಏನೂ ಇಲ್ಲ ಅಂದ್ರಂತೆ. ಹೌದೋ ಅಲ್ವೋ, ಅಷ್ಟು ಹೇಳಿ."

ನಾನು ಅವಳ ಕೈ ಮುಟ್ಟಿಲ್ಲ, ಹೇಗಿದ್ದೀ ಎಂದು ಕೇಳಿದ್ದಷ್ಟೇ ಎಂದು ಬರೆದೆ. ಆಸ್ಪತ್ರೆಯವರು ಹೇಳಿದಂತೆ ಎರಡು ವಾರಕ್ಕೆ ಕರೆದುಕೊಂಡು ಹೋಗಬೇಕಾದದ್ದು ತಂದೆಯ ಜವಾಬ್ದಾರಿಯಾಗಿತ್ತು ಎಂದೂ ಸೇರಿಸಿದೆ. ಆ ಎರಡನೇ ಸಾಲು ಬೇಕಿರಲಿಲ್ಲ. ಚುಚ್ಚಬೇಕೆಂದೇ ಬರೆದೆ. ಗುಂಪು ಅವರ ಮೇಲೆ ಮುಗಿಬಿತ್ತು. ಹಿರಿಯ ಡಾಕ್ಟರ ಹೆಸರು ಕೆಡಿಸಲು ನಾಚಿಕೆಯಾಗುವುದಿಲ್ಲವೇ ಎಂದರು, ಸುಳ್ಳುಗಾರ ಎಂದರು.

ಆಗ ನೀನು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದೆ. ಆಂಟಿ ನನ್ನ ಕೈಯನ್ನು ನೋಡಿಲ್ಲ, ಅಪ್ಪ ತಪ್ಪು ತಿಳಿದುಕೊಂಡಿದ್ದಾರೆ.

ನನ್ನ ಲೈಸೆನ್ಸ್ ಹೋಗಬಾರದು ಎಂದು ನೀನು ಹಾಗೆ ಬರೆದದ್ದು ಎಂದು ಎಷ್ಟೋ ದಿನದ ಮೇಲೆ ನಿಧಿ ಹೇಳಿದಳು. ನನ್ನ ಮೇಲೆ ಕನಿಕರ ಪಟ್ಟು ನಿನ್ನ ಅಪ್ಪನನ್ನು ಬಿಟ್ಟುಕೊಟ್ಟೆ. ಅವರು ಅದೇ ನಿಮಿಷ ಗುಂಪು ಬಿಟ್ಟರು. ಅಂದಿನಿಂದ ನೀವಿಬ್ಬರೂ ಮಾತಾಡುವುದು ಅಷ್ಟಕ್ಕಷ್ಟೇ ಎಂದು ಕೇಳಿದ್ದೇನೆ. ನಾನೋ, ಇನ್ನೂ ನಾಲ್ಕು ವರ್ಷ ಡಾಕ್ಟರಾಗಿ ಕೂತು ಬೇರೆಯವರ ಕೈ ನೋಡಿದೆ.

ಹೋದ ತಿಂಗಳು ನಿಧಿಯ ಮದುವೆಗೆ ನೀನು ಒಬ್ಬಳೇ ಬಂದೆ. ಎಲೆ ಹಾಕಿ ಬಡಿಸಿದರು. ಬಲಗೈ ಬಾಯಿಯತ್ತ ತಿರುಗದೆ, ನೀನು ಚಮಚ ಕೇಳಿ ಎಡಗೈಯಲ್ಲಿ ಉಣ್ಣತೊಡಗಿದೆ. ಪಕ್ಕದಲ್ಲಿದ್ದ ನನ್ನ ಸೋದರತ್ತೆ, "ಮದುವಿ ಮನಿಯೊಳಗ ಎಡಗೈಲೆ ಉಣಬಾರದವಾ, ಅಷ್ಟೂ ಕಲಿಸಿಲ್ಲೇನು ನಿಮ್ಮಪ್ಪ?" ಎಂದರು. ನೀನು ನಕ್ಕು ಸಾರಿ ಅಜ್ಜಿ ಎಂದೆ. ನನ್ನ ಕಡೆ ನೋಡಲೂ ಇಲ್ಲ. ಎರಡು ಎಲೆ ಆಚೆ ಕೂತಿದ್ದ ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಆ ತುಪ್ಪದ ರುಚಿ ಇನ್ನೂ ಬಾಯಲ್ಲಿದೆ, ಹೇಸಿಗೆಯಾಗುತ್ತದೆ.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದೇನೆ — ಮುಟ್ಟಿ ನೋಡಿದ್ದೆ, ಮುರಿದದ್ದು ಗೊತ್ತಿತ್ತು, ಮಂಜುನಾಥ್ ಅವರು ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಮೆಡಿಕಲ್ ಕೌನ್ಸಿಲಿಗೂ ಇದನ್ನೇ ಬರೆದಿದ್ದೇನೆ. ಈ ಸಲ ಯಾರೂ ನಗುಮುಖ ಹಾಕಿಲ್ಲ. ನಿನ್ನ ಕ್ಷಮೆ ಕೇಳುತ್ತಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀ ಎಂದು ಗೊತ್ತು.

ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ಬೇರೆ ಯಾರ ಹತ್ತಿರವೂ ಓದಿಸಬೇಡ, ಹೌನ್ಸ್ಲೋಗೆ ಹೋಗು.

ಮಂಜುನಾಥ್ ಅವರೇ, ಇಲ್ಲಿಯವರೆಗೆ ಗಟ್ಟಿಯಾಗಿ ಓದಿ ಹೇಳಿದವರು ನೀವೇ ಆಗಿದ್ದರೆ, ನಿಮ್ಮ ಮಗಳು ಎದುರಿಗಿದ್ದಾಳೆ. ನೀವು ಅಂದು ಕೇಳಿದ್ದಿರಿ, ಹೌದೋ ಅಲ್ಲವೋ ಎಂದು.

ಹೌದು.