ಮಂಡಕ್ಕಿ ಭಟ್ಟಿಗೆ ವಿಜ್ಞಾನ ತಂದ ಶಹಜಾದಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕಿ ಹುರಿದು ಮಂಡಕ್ಕಿ ಮಾಡುವ ದಾವಣಗೆರೆಯ ಭಟ್ಟಿಯೊಂದರ ಬಾಗಿಲಲ್ಲಿ ಶಹಜಾದಿ ಚಹಾ ಕುಡಿಯುತ್ತ ಕೂತಿದ್ದಾರೆ. ಚಹಾ ಕೊಟ್ಟವರು ಭಟ್ಟಿಯ ಮಾಲೀಕ ಖಲೀಲ್. ಕೊಡದಿದ್ದರೆ ಈಕೆ ಏಳುವುದಿಲ್ಲ, ಕೊಟ್ಟರೂ ಏಳುವುದಿಲ್ಲ ಎಂಬುದು ಅವರ ಅನುಭವ.

ಶಹಜಾದಿ ಹತ್ತಿರದ ಪ್ರೌಢಶಾಲೆಯ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು ಅವರ ಕೆಲಸ. ಶಾಲೆಯ ವಿಜ್ಞಾನ ಸಂಘಕ್ಕೆ ಊರಿನವರನ್ನು ಜೋಡಿಸುವ ಕೆಲಸವನ್ನು ಮಾತ್ರ ತಾವಾಗಿಯೇ ಹಚ್ಚಿಕೊಂಡಿದ್ದಾರೆ. ವಿಜ್ಞಾನ ಶಿಕ್ಷಕಿ ಲತಾ ಅವರಿಗೆ ಯಾರನ್ನಾದರೂ ಏನಾದರೂ ಕೇಳಲು ಸಂಕೋಚ. "ಮೇಡಂಗೆ ತಲೆ ಐತೆ, ನನಗೆ ಬಾಯಿ ಐತೆ. ಎರಡೂ ಕೂಡಿದ್ರೆ ಸಂಘ ನಡೀತೈತೆ" ಎನ್ನುತ್ತಾರೆ ಶಹಜಾದಿ.

ಏಳನೇ ತರಗತಿಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವರು. ಗಂಡ ತೀರಿಕೊಂಡ ಮೇಲೆ ಈ ಕೆಲಸ ಸಿಕ್ಕಿತು. ಆಗ ಪ್ರಯೋಗಾಲಯದ ಕಪಾಟಿಗೆ ಬೀಗವಿತ್ತು, ಕೀಲಿ ಇರಲಿಲ್ಲ. ಒಡೆದು ನೋಡಿದರೆ ಒಳಗಿದ್ದದ್ದು ಇನ್ನೊಂದು ಬೀಗ. ಅಂದಿನಿಂದ ಇವರು ಮಕ್ಕಳ ಪ್ರಯೋಗಕ್ಕೆ ನೆರವು ಕೇಳುತ್ತ ಬಾಗಿಲಿಂದ ಬಾಗಿಲಿಗೆ ಅಲೆಯತೊಡಗಿದರು.

ಕಳೆದ ವರ್ಷ ಹತ್ತನೇ ತರಗತಿಯ ಮುಬಶ್ಶಿರಾ ಒಂದು ಯೋಜನೆ ಹಾಕಿದಳು. ಅವಳ ತಾಯಿ ಇದೇ ಭಟ್ಟಿಯಲ್ಲಿ ದುಡಿಯುತ್ತಾರೆ, ಹೊಗೆಗೆ ಕಣ್ಣು ಸದಾ ಕೆಂಪು. ಫ್ಯಾನು ಕೂರಿಸಿದ ಕೊಳವೆಯಿಂದ ಹೊಗೆಯನ್ನು ಮೇಲಕ್ಕೆ ಎಳೆಯಬೇಕೆಂಬುದು ಅವಳ ಆಸೆ. ಖಲೀಲ್ ಜಾಗ ಕೊಡಲು ಒಪ್ಪಿದರು. ಹರಿಹರದಲ್ಲಿ ವರ್ಕ್‌ಶಾಪ್ ನಡೆಸುವ ವಾಮದೇವಪ್ಪ ಕೊಳವೆ ಮಾಡಿಕೊಟ್ಟರು. ಅವರದು ಒಂದೇ ಷರತ್ತು: ಎಲ್ಲರೆದುರು ತಮಗೆ ಶಾಲು ಹೊದಿಸಬೇಕು.

ಶಾಲು ಹೊದಿಸಿದ್ದಾಯಿತು. ಗರಿಗರಿ ಬಿಳಿ ಅಂಗಿಯ ವಾಮದೇವಪ್ಪನವರೇ ಸ್ವಿಚ್ ಒತ್ತಿದರು. ಸಂಘದ ಮಕ್ಕಳು ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದ್ದರು. ಹೊಗೆ, ಮಸಿ ಎಲ್ಲ ಒಳಗೆ ನುಗ್ಗಿತು. ರಾಶಿ ಮಂಡಕ್ಕಿ ಹಾರಿ ಬೀದಿಗೆ ಬಿತ್ತು. ವಾಮದೇವಪ್ಪ ಶಾಲಿನಲ್ಲೇ ಮುಖ ಒರೆಸಿಕೊಂಡು ಹರಿಹರದ ಬಸ್ ಹತ್ತಿದರು. ಇನ್ನು ಮಕ್ಕಳು ಇತ್ತ ಕಾಲಿಡಬಾರದೆಂದು ಖಲೀಲ್ ಗದರಿದರು. ಮುಬಶ್ಶಿರಾ ಅಳುತ್ತ ಮನೆಗೆ ಹೋದಳು.

ಮರುದಿನ ನಸುಕಿಗೇ ಶಹಜಾದಿ ಪೊರಕೆ ಹಿಡಿದು ಬಂದು ಭಟ್ಟಿಯ ಮುಂದಿನ ಬೀದಿ ಗುಡಿಸತೊಡಗಿದರು. ಖಲೀಲ್ ಮುಖ ತಿರುಗಿಸಿಕೊಂಡೇ ಇದ್ದರು. ಗುಡಿಸಿ ಮುಗಿದ ಮೇಲೆ ಇವರು ಮೆಲ್ಲಗೆ ಹೇಳಿದರು: "ಭಾಯ್, ಹುಡುಗ್ರು ತಪ್ಪು ಮಾಡಿದ್ದು ನಿಮ್ಮ ಭಟ್ಟಿಯಾಗ. ಸರಿ ಮಾಡೋದು ಪಕ್ಕದ ಭಟ್ಟಿಯಾಗ ಆದ್ರೆ ಹೆಸರು ಯಾರಿಗೆ ಹೋಗ್ತೈತೆ, ನೀವೇ ನೋಡ್ರಿ."

ಸಂಜೆಯೇ ಮಕ್ಕಳಿಗೆ ಬುಲಾವ್ ಬಂತು. ಮುಬಶ್ಶಿರಾ ಫ್ಯಾನು ತಿರುಗಿಸಿ ಕೂರಿಸಿದಳು. ಹೊಗೆ ಸುಮ್ಮನೆ ಮೇಲೆ ಹೋಯಿತು. ಅವಳ ತಾಯಿ ಸೆರಗು ಮುಖದಿಂದ ಇಳಿಸಿ ಕೆಲಸ ಮಾಡಿದ್ದು ಅಂದೇ ಮೊದಲು. ಈಗ ಸಂಘದ ಶನಿವಾರದ ಪಾಠ ಇಲ್ಲೇ ನಡೆಯುತ್ತದೆ. ಗಿರಾಕಿಗಳಿಗೆ ಕೊಳವೆಯ ವಿವರಣೆ ಕೊಡುವವರು ಖಲೀಲ್. ಅವರ ಪ್ರಕಾರ ಫ್ಯಾನು ಮೊದಲಿನಿಂದಲೂ ಸರಿಯಾಗಿಯೇ ಇತ್ತಂತೆ.

ಮುಂದಿನ ಆಸೆ ಏನೆಂದು ಕೇಳಿದರೆ ಶಹಜಾದಿ ಲೋಟ ಕೆಳಗಿಟ್ಟು ಏಳುತ್ತಾರೆ. ಮಕ್ಕಳಿಗೆ ನೀರು ಮಂಜುಗಡ್ಡೆಯಾಗುವುದನ್ನು ತೋರಿಸಬೇಕಂತೆ.

"ಐಸ್ ಫ್ಯಾಕ್ಟರಿಯವರು ನನ್ನ ಕಂಡ್ರೆ ಷಟರ್ ಎಳೀತಾರೆ. ಎಳೀಲಿ ಬಿಡ್ರಿ. ವ್ಯಾಪಾರಕ್ಕಾದ್ರೂ ತೆಗೀಬೇಕಲ್ಲ, ಅಲ್ಲೇ ಕುಂತಿರ್ತೀನಿ."